ಮ್ಯಾನಿಂಗ್ ಅನ್ನೋ ಹೆಸರಿಗೆ ಪಟ್ಟ ಕಟ್ಟಿದವರೇ, ಈಗ ಎಲ್ಲಿದ್ದೀರಿ?

2025ರ ಅಕ್ಟೋಬರ್ 5ರ ಭಾನುವಾರ ಎಪಿ ಪಟ್ಟಿ ಬಂತು, ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವಾರವಾರ ಕೊಡುವ ಸ್ಥಾನಪಟ್ಟಿ. ಮೊದಲ 25ರಲ್ಲಿ ಟೆಕ್ಸಸ್ ಹೆಸರೇ ಇಲ್ಲ. ಆಗಸ್ಟ್‌ನಲ್ಲಿ ಇದೇ ಪಟ್ಟಿಯ ನೆತ್ತಿಯ ಮೇಲೆ ಕೂತಿದ್ದೆವು. ಸೀಸನ್ ಶುರುವಾಗುವ ಮೊದಲೇ 1ನೇ ಸ್ಥಾನ, ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಇತಿಹಾಸದಲ್ಲೇ ಮೊದಲ ಸಲ. ಈಗ ಐದು ಆಟ ಮುಗಿದಿದೆ. ಎರಡು ಸೋಲು. ಗೆದ್ದ ಮೂರೂ ಗೆಲ್ಲಲೇಬೇಕಾದ ಆಟಗಳು, ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್. ಅವರನ್ನು ಸೋಲಿಸಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ.

ನಾನು ಆಸ್ಟಿನ್‌ನಲ್ಲಿರುವವನು. ಇಲ್ಲಿ ಶನಿವಾರ ಬಂತು ಅಂದರೆ ಇಡೀ ಊರು ಸುಟ್ಟ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳುತ್ತದೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಗೊತ್ತಿಲ್ಲದ ನಮ್ಮಂಥ ಬೆಂಗಳೂರು, ಮೈಸೂರು, ದಾವಣಗೆರೆ ಕಡೆಯವರೂ ಇಲ್ಲಿಗೆ ಬಂದು ಎರಡು ಸೀಸನ್ ಕಳೆಯುವಷ್ಟರಲ್ಲಿ ಟೆಕ್ಸಸ್ ತಂಡದ, ಅಂದರೆ ಲಾಂಗ್‌ಹಾರ್ನ್ಸ್‌ನ, ಹುಚ್ಚು ಹತ್ತಿಸಿಕೊಂಡಿರುತ್ತಾರೆ. ಕಾಯುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಈ ಸಲ ಕಪ್ ನಮ್ದೇ" ಅಂತ 18 ವರ್ಷ ಕೂಗಿ 2025ರ ಜೂನ್‌ನಲ್ಲಿ ಕೊನೆಗೂ ಕಪ್ ನೋಡಿದವರು ನಾವು. ಆದ್ದರಿಂದ "ಸ್ವಲ್ಪ ತಾಳ್ಮೆ ಇರಲಿ ಸಾರ್" ಅನ್ನುವ ಉಪದೇಶ ನನಗೆ ಬೇಡ. ತಾಳ್ಮೆ ಇದೆ. ಸುಳ್ಳು ಮಾತ್ರ ಸಹಿಸಲು ಆಗುವುದಿಲ್ಲ.

ಸುಳ್ಳು ಅಂದರೆ ನಮ್ಮ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಬಗ್ಗೆ ಕಟ್ಟಿದ ಕತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೇ ಬರುವುದು. ಎಸೆಯಬೇಕೋ, ಓಡಬೇಕೋ, ಪಕ್ಕದವನಿಗೆ ಕೊಡಬೇಕೋ ಅನ್ನುವುದನ್ನು ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು, ಅಷ್ಟರಲ್ಲಿ ಎದುರಿನಿಂದ 130, 140 ಕಿಲೋ ತೂಕದವರು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ. ಕಷ್ಟದ ಕೆಲಸ. ಒಪ್ಪುತ್ತೇನೆ.

ಈ ಹುಡುಗನ ಅಜ್ಜ ಆರ್ಚೀ ಮ್ಯಾನಿಂಗ್, ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಕ್ವಾರ್ಟರ್‌ಬ್ಯಾಕ್. ದೊಡ್ಡಪ್ಪನೋ ಚಿಕ್ಕಪ್ಪನೋ ಅನ್ನಬಹುದಾದವರು ಇಬ್ಬರು, ಪೇಟನ್ ಮತ್ತು ಈಲೈ. ತಲಾ ಎರಡೆರಡು ಸೂಪರ್ ಬೌಲ್, ಅಂದರೆ ಆ ಲೀಗ್‌ನ ಫೈನಲ್, ಗೆದ್ದವರು. (ಅಪ್ಪ ಕೂಪರ್ ಎಲ್ಲರಿಗಿಂತ ಹಿರಿಯ, ಹಾಗಾಗಿ ಇಬ್ಬರೂ ಚಿಕ್ಕಪ್ಪಂದಿರೇ ಅನ್ನಿ.) ಮನೆತನ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆತನ ಚೆಂಡು ಎಸೆಯುವುದಿಲ್ಲ, ಅಲ್ವಾ? 2022ರಲ್ಲಿ ಈತ ಟೆಕ್ಸಸ್‌ಗೆ ಬರುತ್ತೇನೆ ಅಂದ ದಿನದಿಂದ ಇಲ್ಲಿ ಹಬ್ಬ. 2023ರಲ್ಲಿ ಬಂದ, ಬೆಂಚಿನಲ್ಲಿ ಕೂತ. ಅದೇ ವರ್ಷ, ಇನ್ನೂ ಕಾಲೇಜು ಮೈದಾನದಲ್ಲಿ ಕಾಲಿಡುವ ಮೊದಲೇ, ಅವನ ಸಹಿ ಇರುವ ಒಂದು ಪಾನಿನಿ ಕಾರ್ಡ್ (ಅಭಿಮಾನಿಗಳು ಸಂಗ್ರಹಿಸುವ ಆಟಗಾರರ ಚಿತ್ರದ ಕಾರ್ಡ್) 1,02,500 ಡಾಲರ್‌ಗೆ ಹರಾಜಾಯಿತು. ದುಡ್ಡು ದಾನಕ್ಕೆ ಹೋಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಪಾಸ್ ಎಸೆಯದವನ ಕಾರ್ಡಿಗೆ ಲಕ್ಷ ಡಾಲರ್! ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇಲ್ಲಿ ಕುಲಾವಿಗೆ ಚಿನ್ನದ ಜರಿಯನ್ನೂ ಹಾಕಿದರು.

ಆಮೇಲೆ 2024. ಆಗಿನ ನಮ್ಮ ಮೊದಲ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹೊಟ್ಟೆಯ ಸ್ನಾಯು ಎಳೆದು ಹೊರಗೆ ಹೋದ. ಈತ ಒಳಗೆ ಬಂದು ಯುಟಿಎಸ್‌ಎ ಎದುರು ನಾಲ್ಕು ಟಚ್‌ಡೌನ್ ಪಾಸ್ (ಎದುರಾಳಿಯ ಗೋಲು ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದ, 67 ಗಜ ಓಡಿ ಇನ್ನೊಂದು ಹೊಡೆದ. ಆ ಓಟ ಚೆನ್ನಾಗಿತ್ತು, ನಾನೂ ಎದ್ದು ನಿಂತು ಕೂಗಿದೆ. ನಂತರ ಎರಡು ಆಟ ಮೊದಲಿಂದ ಆಡಿದ. ಲೂಯಿಸಿಯಾನ ಮನ್ರೋ ಎದುರು ಎರಡು ಇಂಟರ್‌ಸೆಪ್ಷನ್ ಕೊಟ್ಟ, ಅಂದರೆ ಎಸೆದ ಚೆಂಡು ಎದುರಾಳಿಯ ಕೈಗೆ ಸಿಕ್ಕಿತು, ಮಿಸಿಸಿಪ್ಪಿ ಸ್ಟೇಟ್ ಎದುರು ಚೆನ್ನಾಗಿ ಆಡಿದ. ಆ ವರ್ಷದ ಮಿಸಿಸಿಪ್ಪಿ ಸ್ಟೇಟ್ ಎಂಥ ತಂಡ ಅಂತ ಎಸ್‌ಇಸಿ (ನಾವೂ ಆಡುವ ಕಾಲೇಜು ತಂಡಗಳ ಗುಂಪು) ನೋಡುವವರಿಗೆಲ್ಲ ಗೊತ್ತು. ಎಸ್‌ಇಸಿಯಲ್ಲಿ ಒಂದೂ ಆಟ ಗೆಲ್ಲಲಿಲ್ಲ. ಅಷ್ಟೇ ನೋಡಿ ಇದ್ದ ಬಂಡವಾಳ. ಅದರ ಮೇಲೆ ಟಿವಿಯಲ್ಲಿ ಕೂತವರು ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಇವನಿಗೇ ಅಂದರು. 2026ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಡೆ) ಮೊದಲ ಆಯ್ಕೆ ಇವನೇ ಅಂದರು. ಬೇಸಿಗೆಯಿಡೀ ಜಾಹೀರಾತು. ಪಾನೀಯ, ಕನ್ನಡಕ, ಟ್ಯಾಕ್ಸಿ ಆಪ್, ಯಾವುದು ತೆರೆದರೂ ಅದೇ ಮುಖ.

ಈಗ ನನಗೆ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ಯೂವರ್ಸ್.

ಯೂವರ್ಸ್ ಎರಡು ವರ್ಷ ಸತತವಾಗಿ ನಮ್ಮನ್ನು ಪ್ಲೇಆಫ್ ಸೆಮಿಫೈನಲ್‌ಗೆ ಕರೆದುಕೊಂಡು ಹೋದ. ಒಂದು ಸಲ ವಾಷಿಂಗ್ಟನ್ ಎದುರು 37-31, ಇನ್ನೊಂದು ಸಲ ಒಹಾಯೊ ಸ್ಟೇಟ್ ಎದುರು 28-14. ಸೋತೆವು, ಹೌದು. ಆದರೆ ಅಲ್ಲಿಯವರೆಗೆ ಹೋಗಿದ್ದೆವಲ್ಲ! ಅದಕ್ಕೂ ಮೊದಲು ಎಷ್ಟು ವರ್ಷ ಸುಮ್ನೆ ಕೂತಿದ್ದೆವು ನೆನಪಿದೆಯಾ? ಆ ಹುಡುಗ ಒಂದು ಪಾಸ್ ತಪ್ಪಿಸಿದರೆ ಸಾಕು, ನನ್ನ ಹಿಂದಿನ ಸಾಲಿನವರು "ಆರ್ಚ್! ಆರ್ಚ್!" ಅಂತ ಶುರು ಮಾಡುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ಎದುರು ಸ್ವಂತ ಮೈದಾನದಲ್ಲಿ ಕೋಚ್ ಯೂವರ್ಸ್‌ನನ್ನು ಮಧ್ಯದಲ್ಲೇ ಕೂರಿಸಿ ಆರ್ಚ್‌ನನ್ನು ಕಳಿಸಿದರು. ಇವನಿಂದಲೂ ಏನೂ ಆಗಲಿಲ್ಲ, ಮತ್ತೆ ಅವನನ್ನೇ ಕಳಿಸಿದರು. ಅದು ಯಾರಿಗೂ ನೆನಪಿಲ್ಲ. ಯೂವರ್ಸ್ ಹೋದ, ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ, 231ನೇ ಆಯ್ಕೆಯಾಗಿ ಮಯಾಮಿಗೆ ಸೇರಿದ. ಹೋಗುವಾಗ ಇಲ್ಲಿನವರು ಒಂದು ನೆಟ್ಟಗಿನ ಧನ್ಯವಾದ ಹೇಳಲಿಲ್ಲ. ಹೋದ, ಪೀಡೆ ತೊಲಗಿತು ಅನ್ನುವ ಹಾಗೆ ಇದ್ದರು.

ಸರಿ, ಆರ್ಚ್ ಬಂದ. ಗಣೇಶನ ಹಬ್ಬ ಮುಗಿದು ಮೂರನೇ ದಿನ, ಆಗಸ್ಟ್ 30. ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ಜೊತೆ ಆಟ. ಇಲ್ಲಿ ಬೆಳಿಗ್ಗೆ 11 ಗಂಟೆ. ರೌಂಡ್ ರಾಕ್‌ನ ಸ್ನೇಹಿತರ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕೂತೆವು. ನಾಲ್ಕನೇ ಕ್ವಾರ್ಟರ್ ಮುಗಿಯಲು ಮೂರೂವರೆ ನಿಮಿಷ ಇದೆ ಅನ್ನುವವರೆಗೂ ನಮ್ಮ ಕಡೆ ಸೊನ್ನೆ. ಗೋಲು ಗೆರೆಯ ಹತ್ತಿರ ಹೋಗಿ ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಪ್ರಯತ್ನದಲ್ಲಿ, ಇವನೇ ನುಗ್ಗಲು ನೋಡಿದ, ಅದೂ ಆಗಲಿಲ್ಲ. ಕೊನೆಗೆ 14-7. ಇವನು 30 ಎಸೆದು 17 ಮುಟ್ಟಿಸಿದ, 170 ಗಜ, ಒಂದು ಇಂಟರ್‌ಸೆಪ್ಷನ್. ನಮ್ಮ ಡಿಫೆನ್ಸ್ ಪ್ರಾಣ ಕೊಟ್ಟು ಆಡಿತ್ತು. ಹಿಂದಿನ ವರ್ಷದ ಚಾಂಪಿಯನ್ನರನ್ನು ಅವರದೇ ಮನೆಯಲ್ಲಿ 14ಕ್ಕೆ ಕಟ್ಟಿಹಾಕಿ ಆ ಆಟ ಸೋಲುವುದು ಅಂದರೆ ಏನು ಹೇಳುವುದು? ಆಗ ನಮ್ಮ ಗುಂಪಿನ ಹಿರಿಯರೊಬ್ಬರು, "ಪಾಪ ಮೊದಲ್ನೇ ಆಟ ಕಣಯ್ಯ, ಅದೂ ಅಂಥಾ ಜಾಗದಲ್ಲಿ, ಬಿಡು" ಅಂದರು. ಬಿಟ್ಟೆ.

ಸೆಪ್ಟೆಂಬರ್ 13, ಯುಟೆಪ್. ಇದನ್ನು ಬಿಡಲು ಆಗುವುದಿಲ್ಲ. ಆಪ್‌ನಲ್ಲಿ ಯಾರೋ ಮಾರಿದ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಟಿಕೆಟ್ ಬೆಲೆ, ಅದರ ಮೇಲೆ ಅವರ ಫೀಸು, ಪಾರ್ಕಿಂಗ್, ಎಲ್ಲ ಸೇರಿಸಿ ಮನೆಯಲ್ಲಿ ಹೇಳಿಲ್ಲ. ಮಧ್ಯಾಹ್ನದ ಬಿಸಿಲು, ಮೇಲಿನ ಸ್ಟ್ಯಾಂಡು, ಕೂತ ಅಲ್ಯೂಮಿನಿಯಂ ಬೆಂಚು ಕಾದ ಹೆಂಚು. ಅಲ್ಲಿಂದ ಒಂದು ಒಳ್ಳೆಯದು ಏನೆಂದರೆ, ಟಿವಿಯಲ್ಲಿ ಕಾಣದ್ದೆಲ್ಲ ಕಾಣುತ್ತದೆ. ಯಾರು ಖಾಲಿ ಬಿಟ್ಟಿದ್ದಾರೆ, ಯಾರ ಹತ್ತಿರ ಯಾರೂ ಇಲ್ಲ, ಎಲ್ಲ ನಕ್ಷೆ ಹಾಸಿದ ಹಾಗೆ. ಬಲಗಡೆ ಪಾಸ್ ಹಿಡಿಯಬೇಕಾದ ರಿಸೀವರ್ ಒಬ್ಬ ನಿಂತಿದ್ದಾನೆ, ಸುತ್ತ ಯಾರೂ ಇಲ್ಲ, ಏಳೆಂಟು ಗಜ ದೂರ ಅಷ್ಟೇ. ಇವನ ಮೇಲೂ ಯಾರೂ ನುಗ್ಗುತ್ತಿಲ್ಲ. ಆದರೂ ಎರಡು ಕಾಲೂ ಒಂದು ಕಡೆ ನಿಲ್ಲುವುದಿಲ್ಲ. ಹಿಂದಕ್ಕೆ ವಾಲಿಕೊಂಡು, ಮೊಣಕೈ ಭುಜದ ಕೆಳಗೆ ಇಳಿಸಿ, ಪಕ್ಕದಿಂದ ಬೀಸಿದ ಹಾಗೆ ಎಸೆದ. ಚೆಂಡು ರಿಸೀವರ್‌ನ ಕಾಲ ಬುಡದಲ್ಲಿ ನೆಲಕ್ಕೆ ಬಡಿಯಿತು. ಇಂಥದ್ದು ಒಂದಲ್ಲ. ಸತತವಾಗಿ ಹತ್ತು ಪಾಸ್ ಯಾರ ಕೈಗೂ ಸೇರಲಿಲ್ಲ. ಹತ್ತು! 25ರಲ್ಲಿ 11, 114 ಗಜ. ಯುಟೆಪ್ ಎದುರು! ಆಟ 27-10ಕ್ಕೆ ಗೆದ್ದೆವು, ಬಿಡಿ.

ಆಗ ಸ್ಟೇಡಿಯಂನಲ್ಲಿ ಬೂ ಅನ್ನುವುದು ಶುರುವಾಯಿತು. ಯಾರು ಶುರು ಮಾಡಿದ್ದು ಗೊತ್ತಾ? ನನ್ನ ಹಿಂದಿನ ಸಾಲಿನವರೇ. 16ನೇ ನಂಬರಿನ ಜೆರ್ಸಿ ಹಾಕಿಕೊಂಡು, ಅದೇ 16ನೇ ನಂಬರಿನವನಿಗೆ ಬೂ. ನನಗೆ ಆ ಹುಡುಗನ ಆಟ ಇಷ್ಟವಾಗಲಿಲ್ಲ, ಆದರೆ ಇವರನ್ನು ನೋಡಿ ಮೈಯೆಲ್ಲ ಉರಿಯಿತು. ಇಪ್ಪತ್ತೊಂದು ವರ್ಷದ ಹುಡುಗ. ನನ್ನನ್ನು ದೇವರು ಮಾಡಿ ಅಂತ ಅವನೇನು ಬಂದು ಕೇಳಿಕೊಂಡಿದ್ದನಾ? ಗರ್ಭಗುಡಿ ಕಟ್ಟಿದವರು ನೀವು, ಈಗ ಮೂರ್ತಿಗೆ ಕಲ್ಲು ಹೊಡೆಯುವವರೂ ನೀವೇ.

ಒಂದು ವಾರ ಬಿಟ್ಟು ಸ್ಯಾಮ್ ಹ್ಯೂಸ್ಟನ್ ಎದುರು 55-0. 21ರಲ್ಲಿ 18, 309 ಗಜ, ಎಸೆದದ್ದೂ ಓಡಿದ್ದೂ ಸೇರಿ ಐದು ಟಚ್‌ಡೌನ್. ಕೂಡಲೇ ಎಲ್ಲರ ವಾಟ್ಸಾಪ್ ಸ್ಟೇಟಸ್ ಬದಲಾಯಿತು. "ನೋಡಿದ್ರಾ, ಹೇಳಿರಲಿಲ್ವಾ?" ಏನು ನೋಡುವುದು ಸ್ವಾಮಿ? ಗಲ್ಲಿ ಬೌಲಿಂಗಿಗೆ ಸೆಂಚುರಿ ಹೊಡೆದದ್ದನ್ನಾ?

ಅದಾದ ಮೇಲೆ ಒಂದು ವಾರ ಪೂರ್ತಿ ರಜೆ, ತಯಾರಿಗೆ ಹದಿನಾಲ್ಕು ದಿನ. ಮೊನ್ನೆ ಅಕ್ಟೋಬರ್ 4ಕ್ಕೆ ಗೇನ್ಸ್‌ವಿಲ್‌ಗೆ ಹೋದೆವು. ಫ್ಲೋರಿಡಾ ಆಗ ನಾಲ್ಕರಲ್ಲಿ ಮೂರು ಸೋತು ಕೂತಿತ್ತು. ಅವರ ಕೋಚ್ ಕೆಲಸ ಯಾವತ್ತು ಹೋಗುತ್ತದೆ ಅಂತ ಅವರ ಊರಿನವರೇ ಕಾಯುತ್ತಿದ್ದರು. ಅವರ ಕ್ವಾರ್ಟರ್‌ಬ್ಯಾಕ್ ಡಿಜೆ ಲ್ಯಾಗ್ವೇ ಎಲ್‌ಎಸ್‌ಯು ಎದುರು ಒಂದೇ ಆಟದಲ್ಲಿ ಐದು ಇಂಟರ್‌ಸೆಪ್ಷನ್ ಕೊಟ್ಟವನು. ಅಂಥವನು ನಮ್ಮ ಎದುರು 28ರಲ್ಲಿ 21 ಮುಟ್ಟಿಸಿ 298 ಗಜ ಎಸೆದ. 29-21ಕ್ಕೆ ಸೋತೆವು. ಗಾಯದ ಮೇಲೆ ಉಪ್ಪು ಸುರಿದ ಹಾಗೆ ಇನ್ನೊಂದು ವಿಷಯ, ಲ್ಯಾಗ್ವೇ ನಮ್ಮ ಟೆಕ್ಸಸ್‌ನ ವಿಲಿಸ್ ಊರಿನ ಹುಡುಗ.

ನಮ್ಮವನು? ಎರಡು ಇಂಟರ್‌ಸೆಪ್ಷನ್. ಆರು ಸಲ ಸ್ಯಾಕ್, ಅಂದರೆ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರು. ಇನ್ನೂ ಚೆಂದ ಏನೆಂದರೆ, ನಮ್ಮ ತಂಡದಲ್ಲಿ ಅತಿ ಜಾಸ್ತಿ ಗಜ ಓಡಿದವನೂ ಅವನೇ, 37. ಚೆಂಡು ಹಿಡಿದು ಓಡುವುದೇ ಕೆಲಸವಾದ ರನ್ನಿಂಗ್ ಬ್ಯಾಕ್‌ಗಳು ಇರುವುದು ಯಾಕೆ ಹಾಗಾದರೆ?

"ಲೈನ್ ಸರಿ ಇಲ್ಲ, ಅವನೇನು ಮಾಡ್ತಾನೆ" ಅನ್ನುವವರಿಗೆ ಅರ್ಧ ಉತ್ತರ ಕೊಡುತ್ತೇನೆ, ಯಾಕೆಂದರೆ ಅರ್ಧ ನಿಜ. ಹೋದ ವರ್ಷ ಯೂವರ್ಸ್ ಮುಂದೆ ಗೋಡೆಯ ಹಾಗೆ ನಿಂತಿದ್ದ ಐವರಲ್ಲಿ ನಾಲ್ವರು ಹೋಗಿದ್ದಾರೆ. ಕೆಲ್ವಿನ್ ಬ್ಯಾಂಕ್ಸ್ ಡ್ರಾಫ್ಟ್‌ನ 9ನೇ ಆಯ್ಕೆ, ಅಂಥವನ ಜಾಗ ತುಂಬುವುದು ಸುಲಭ ಅಲ್ಲ. ಚೆಂಡು ಹಿಡಿಯುವವರಲ್ಲಿ ಮ್ಯಾಥ್ಯೂ ಗೋಲ್ಡನ್ ಹೋದ, ಗನರ್ ಹೆಲ್ಮ್ ಹೋದ. ಇದೆಲ್ಲ ಆಗಸ್ಟ್‌ನಲ್ಲೇ ಗೊತ್ತಿತ್ತಲ್ಲ! ಹೊಸ ಲೈನು, ಹೊಸ ಹುಡುಗ, ಆದರೂ 1ನೇ ಸ್ಥಾನ. ಯಾವ ಲೆಕ್ಕದಲ್ಲಿ? ಒಂದೇ ಲೆಕ್ಕ, ಜೆರ್ಸಿಯ ಬೆನ್ನ ಮೇಲಿನ ಹೆಸರು.

ಇನ್ನರ್ಧ ಉತ್ತರ: ಯುಟೆಪ್ ಎದುರು ಲೈನ್ ಯಾರನ್ನೂ ಒಳಗೆ ಬಿಡದೆ ನಿಲ್ಲಿಸಿದಾಗಲೂ ಇವನ ಕಾಲು ನಿಲ್ಲಲಿಲ್ಲ. ನನ್ನ ಅನುಮಾನ ಇರುವುದು ಇಲ್ಲೇ. ಎಸೆಯುವ ಶಕ್ತಿ ಇದೆ, ದೂರದ ಪಾಸ್ ಕೆಲವು ಸಲ ಕಣ್ಣಿಗೆ ಹಬ್ಬ. ಓಡುವುದಂತೂ ಚೆನ್ನಾಗಿಯೇ ಓಡುತ್ತಾನೆ. ಆದರೆ ಹತ್ತಿರದ, ಮಾಮೂಲಿ, ಆಟ ಮುಂದೆ ಸಾಗಿಸುವ ಆ ಐದಾರು ಗಜದ ಪಾಸ್ ಇದೆಯಲ್ಲ, ಅದೇ ಕೈಕೊಡುತ್ತಿದೆ. ಒಂದು ಸಲ ತಲೆಯ ಮೇಲೆ, ಒಂದು ಸಲ ಮೊಣಕಾಲಿಗೆ. ಮೊದಲು ನೋಡಿದವನು ಖಾಲಿ ಇಲ್ಲದಿದ್ದರೆ ಎರಡನೆಯವನನ್ನು ಹುಡುಕುವ ವ್ಯವಧಾನ ಇಲ್ಲ, ಗಾಬರಿಬಿದ್ದು ಹೊರಗೆ ಓಡುತ್ತಾನೆ. ಇದು ಸರಿಹೋಗುವ ತಪ್ಪೇ ಇರಬಹುದು. ಸರಿ ಮಾಡಬೇಕಾದವರು ಯಾರು? ವರ್ಷಕ್ಕೆ ಕೋಟಿ ಡಾಲರ್‌ಗೂ ಮೇಲೆ ಸಂಬಳ ಪಡೆಯುವ ಕೋಚ್ ಸ್ಟೀವ್ ಸಾರ್ಕಿಸಿಯನ್. ಯಾವ ಪ್ಲೇ ಆಡಬೇಕು ಅಂತ ಹೇಳುವುದೂ ಅವರೇ. ಹುಡುಗನಿಗೆ ಹತ್ತಿರದ ಪಾಸ್ ಬರುತ್ತಿಲ್ಲ ಅಂತ ಮೇಲಿನ ಸ್ಟ್ಯಾಂಡಿನಲ್ಲಿ ಕೂತ ನನಗೇ ಕಂಡರೆ, ಮೈದಾನದಲ್ಲಿ ಹೆಡ್‌ಸೆಟ್ ಹಾಕಿಕೊಂಡವರಿಗೆ ಕಾಣುವುದಿಲ್ಲವಾ? ಮೂರು ವರ್ಷದಿಂದ ಇದೇ ಮನೆಯಲ್ಲಿ ಇದ್ದಾನೆ. ಅಷ್ಟು ದಿನ ಏನು ಕಲಿಸಿದಿರಿ?

ಇಷ್ಟು ಬರೆದಿದ್ದಕ್ಕೆ ನಮ್ಮದೇ ಗುಂಪಿನಲ್ಲಿ "ನೀನು ಹೇಟರ್" ಅಂತ ಹಣೆಪಟ್ಟಿ ಬಿದ್ದಿದೆ. ಇರಲಿ. 2012ರಲ್ಲಿ ಯುಎಸ್‌ಸಿ ಕೂಡ ಹೀಗೇ 1ನೇ ಸ್ಥಾನದಿಂದ ಶುರು ಮಾಡಿತ್ತು. ಅಲ್ಲೂ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಹೈಸ್ಮನ್ ಕೊಟ್ಟೇಬಿಟ್ಟಿದ್ದರು, ಮ್ಯಾಟ್ ಬಾರ್ಕ್ಲಿ. ಸೀಸನ್ ಮುಗಿದಾಗ 7-6, ಪಟ್ಟಿಯಲ್ಲೇ ಇರಲಿಲ್ಲ. ನಾವು ಆ ದಾರಿಯಲ್ಲಿ ಹೋಗುವುದು ನನಗೂ ಬೇಡ. ಆಗಿನ ನಮ್ಮ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ರೋಸ್ ಬೌಲ್‌ನಲ್ಲಿ ಮೂಲೆಗೆ ಓಡಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ತಂದದ್ದು 2006ರ ಜನವರಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಕಪ್ ಇಡುವ ಕಪಾಟು ಖಾಲಿ.

ಈ ಶನಿವಾರ, ಅಕ್ಟೋಬರ್ 11ಕ್ಕೆ, ಡಾಲಸ್‌ನ ಕಾಟನ್ ಬೌಲ್ ಮೈದಾನದಲ್ಲಿ ಓಕ್ಲಹೋಮ ಎದುರು ಆಟ. ಅವರು ಇನ್ನೂ ಒಂದೂ ಸೋತಿಲ್ಲ, ಅವರ ಡಿಫೆನ್ಸ್ ಫ್ಲೋರಿಡಾಕ್ಕಿಂತ ಗಟ್ಟಿ. ನಮ್ಮ ಗುಂಪು ಬೆಳಗಿನ ಜಾವವೇ ಕಾರಿನಲ್ಲಿ ಹೊರಡುತ್ತಿದೆ, ನನ್ನನ್ನೂ ಕರೆದರು. ಬರುವುದಿಲ್ಲ ಅಂದೆ. ಮನೆಯಲ್ಲೇ ನೋಡುತ್ತೇನೆ. ಗೆದ್ದರೆ ಖುಷಿಯೇ. ಆದರೆ ಗೆದ್ದ ಕೂಡಲೇ ಯಾರೂ ನನಗೆ "ಹೇಳಿರಲಿಲ್ವಾ" ಅಂತ ಮೆಸೇಜ್ ಹಾಕಬೇಡಿ. ಇಡೀ ಆಟದಲ್ಲಿ ಅವನು ಐದು ಗಜದ ಪಾಸ್ ಎಷ್ಟು ಎಸೆದ, ಅದರಲ್ಲಿ ಎಷ್ಟು ಕೈಗೆ ಸೇರಿತು, ಅದನ್ನು ಎಣಿಸಿ ಹಾಕಿ.