ಸ್ಪಷ್ಟನೆ: ಲೈಸೆನ್ಸ್ ಇದ್ದರೂ ಚಿಗರಿ (ಕೃಷ್ಣಮೃಗ) ಹೊಡೆಯುವಂತಿಲ್ಲ

ಯಲಬುರ್ಗಾ, ಕುಕನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹೊಸ ಶಾಟ್‌ಗನ್ ಸಜ್ಜು ಮಾಡಿ, ಹಾಳೆಗೆ ಗುರಿಯಿಟ್ಟು ಅಭ್ಯಾಸ ಮಾಡುವ ವಿಡಿಯೊ ಓಡಾಡುತ್ತಿದೆ. ಜತೆಗೊಂದು ಸಾಲು: "ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಇರುವ ರೈತರು ಹೊಲಕ್ಕೆ ಬಂದ ಚಿಗರಿ ಹೊಡೆಯಬಹುದು." ಇದು ತಪ್ಪು.

ವಿಡಿಯೊದಲ್ಲಿರುವುದು ಅಮೆರಿಕದ ಜಿಂಕೆ ಬೇಟೆಯ ತಯಾರಿ. ಅಲ್ಲಿ ಇಲಿನಾಯ್ಸ್‌ನಂಥ ರಾಜ್ಯಗಳಲ್ಲಿ ಪರ್ಮಿಟ್ ಪಡೆದವರು ಸೀಸನ್‌ನಲ್ಲಿ ಶಾಟ್‌ಗನ್‌ನಿಂದ ಬೇಟೆಯಾಡಬಹುದು. ಯಾವ ತೋಟಾ ಎಷ್ಟು ದೂರದಲ್ಲಿ ಎಲ್ಲಿ ಬೀಳುತ್ತದೆಂದು ಮೊದಲೇ ಹಾಳೆಯ ಮೇಲೆ ನೋಡಿಕೊಳ್ಳುವುದು ಅಲ್ಲಿ ಸರಿಯಾದ ಕ್ರಮವೇ.

ನಮ್ಮ ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದರ ಬೇಟೆಗೆ 9ನೇ ಕಲಂನಲ್ಲಿ ನಿಷೇಧವಿದೆ. 11ನೇ ಕಲಂನಲ್ಲಿ ವಿನಾಯಿತಿ ಇರುವುದು ನಿಜ, ಆದರೆ ಈ ಅನುಸೂಚಿಯ ಪ್ರಾಣಿಗಳಿಗೆ ಬೆಳೆ ಹಾನಿ ಅದಕ್ಕೆ ಕಾರಣವಾಗದು. ಮನುಷ್ಯರ ಜೀವಕ್ಕೆ ಅಪಾಯವಿದ್ದರೆ ಅಥವಾ ಪ್ರಾಣಿ ಚೇತರಿಸಿಕೊಳ್ಳದಷ್ಟು ಗಾಯಗೊಂಡಿದ್ದರೆ, ರೋಗಬಿದ್ದಿದ್ದರೆ ಮಾತ್ರ. ಅದೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ತಪ್ಪಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬಂದೂಕಿನ ಲೈಸೆನ್ಸ್ ಶಸ್ತ್ರಾಸ್ತ್ರ ಕಾಯ್ದೆಯದು, ಬೇಟೆಗೂ ಅದಕ್ಕೂ ಸಂಬಂಧವಿಲ್ಲ.

ಹಿಂಡು ಒಮ್ಮೆ ನುಗ್ಗಿತೆಂದರೆ ಎರಿ ಹೊಲದ ಎಳೆ ಕಡಲೆಯ ಕುಡಿ ಉಳಿಯುವುದಿಲ್ಲ. ರೈತರ ಸಿಟ್ಟು ಸುಳ್ಳಲ್ಲ. ಹಾನಿಯಾದ ಹೊಲದ ಫೋಟೊ, ಪಹಣಿ ಇಟ್ಟುಕೊಂಡು ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.