ನಾವು ಕೇಳುತ್ತೇವೆ, ಅವರು ಓದುತ್ತಾರೆ

ಪುಣೆಗೆ ಬಂದು 14 ವರ್ಷ ಆಯಿತು. ನಮ್ಮೂರು ಗದಗಿನ ಹತ್ತಿರ. ಇಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ಆಜಿ (ಮರಾಠಿಯಲ್ಲಿ ಅಜ್ಜಿ) ಇದ್ದಾರೆ, ಎಂಬತ್ತರ ಆಸುಪಾಸು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಒಂದು ಸಲ ಅವರ ಜ್ಞಾನೇಶ್ವರಿ ಪುಸ್ತಕವನ್ನು, ಅಂದರೆ ಸಂತ ಜ್ಞಾನದೇವರು ಮರಾಠಿ ಪದ್ಯದಲ್ಲಿ ಭಗವದ್ಗೀತೆಗೆ ಬರೆದ ವ್ಯಾಖ್ಯಾನವನ್ನು, ನನ್ನ ಕೈಗೆ ಕೊಟ್ಟರು. ಮೇಲಿನ ರಟ್ಟು ಯಾವತ್ತೋ ಹೋಗಿದೆ. ಬೆನ್ನನ್ನು ದಪ್ಪ ಬಿಳಿ ದಾರದಿಂದ ಹೊಲಿದಿದ್ದಾರೆ. ಹಾಳೆಯ ಅಂಚಿನಲ್ಲಿ ಅರಿಶಿನದ ಬೆರಳಚ್ಚು, ನಡುವೆ ಒಣಗಿ ಕಪ್ಪಾದ ತುಳಸಿ ಎಲೆ. ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಸಾಲಾಗಿ ತಾರೀಖುಗಳು. ಏನಿದು ಅಂತ ಕೇಳಿದೆ. ಪಾರಾಯಣ ಮುಗಿದ ದಿನಗಳು ಅಂದರು. ಮೂವತ್ತಕ್ಕೂ ಜಾಸ್ತಿ ಇದ್ದವು.

ಅವತ್ತು ರಾತ್ರಿ ಮನೆಗೆ ಬಂದು ನಮ್ಮ ಕಪಾಟು ನೋಡಿದೆ. ವಚನ ಸಂಪುಟಗಳಿವೆ, ದಾಸರ ಪದಗಳಿವೆ, ಕಗ್ಗ ಇದೆ, ಗದುಗಿನ ಭಾರತ ಇದೆ. ಎಲ್ಲವೂ ಚೆನ್ನಾಗಿ, ಹೊಸದಾಗಿ, ಮಡಿಕೆ ಬೀಳದೆ ಇವೆ. ಗೃಹಪ್ರವೇಶಕ್ಕೆ ಬಂದ ಒಂದು ವಚನ ಸಂಪುಟದ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಮನಸ್ಸಿಗೆ ತುಂಬಾ ನಾಟಿತು.

ಇದು ನನ್ನೊಬ್ಬನ ಮನೆಯ ಕಥೆ ಅಲ್ಲ ಅಂತ ನನಗನಿಸುತ್ತದೆ. ನಮ್ಮಲ್ಲಿ ಭಕ್ತಿ ಕಡಿಮೆ ಅಂತಲ್ಲ, ಪುಸ್ತಕ ಕಡಿಮೆ ಅಂತಂತೂ ಅಲ್ಲವೇ ಅಲ್ಲ. ಆದರೆ ನಮ್ಮದು ಕೇಳುವ ಅಭ್ಯಾಸ, ಇಲ್ಲಿಯವರದು ಓದುವ ಅಭ್ಯಾಸ.

ಶ್ರಾವಣ ಬಂತು ಅಂದರೆ ನಮ್ಮ ಕಡೆ ಮಠಗಳಲ್ಲಿ ತಿಂಗಳಿಡೀ ಪುರಾಣ, ಪ್ರವಚನ. ನಾನೂ ಅಜ್ಜನ ಕೈ ಹಿಡಿದುಕೊಂಡು ಹೋಗುತ್ತಿದ್ದೆ. ಒಬ್ಬರು ರಾಗವಾಗಿ ಪದ್ಯ ಹೇಳೋದು, ಇನ್ನೊಬ್ಬರು ಬಿಡಿಸಿ ಅರ್ಥ ಹೇಳೋದು, ನಾವೆಲ್ಲ ತಲೆಯಾಡಿಸೋದು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಬೆಳಗಿನ ಜಾವ ಮಾತಾಡುತ್ತಾರೆ ಅಂದರೆ ಸಾವಿರಾರು ಜನ ಚಳಿಯಲ್ಲಿ ಬಂದು ಸದ್ದಿಲ್ಲದೆ ಕೂರುತ್ತಿದ್ದರು. ಅದು ದೊಡ್ಡ ಸಂಪತ್ತು, ನಾನು ಅದನ್ನು ಕಡೆಗಣಿಸಲ್ಲ. ಆದರೆ ಅಲ್ಲಿ ಪುಸ್ತಕ ಇರೋದು ಹೇಳುವವರ ಹತ್ತಿರ ಮಾತ್ರ. ಹೇಳುವವರು ಎದ್ದು ಹೋದ ಮೇಲೆ ನಮ್ಮ ಕೈಯಲ್ಲಿ ಏನುಳಿಯಿತು?

ಇಲ್ಲಿಯ ಸಪ್ತಾಹ ನೋಡಿ. ಏಳು ದಿನದ ಕಾರ್ಯಕ್ರಮ. ಬೆಳಗ್ಗೆ ಕಾಕಡ ಆರತಿ, ಆಮೇಲೆ ಜ್ಞಾನೇಶ್ವರಿ ಪಾರಾಯಣ, ಸಂಜೆ ಹರಿಪಾಠ (ಹರಿನಾಮದ ಪದ್ಯಗಳು), ರಾತ್ರಿ ಕೀರ್ತನೆ, ಕೊನೆಯ ದಿನ ಕಾಲಾ (ಮೊಸರು ಕಲಸಿದ ಪ್ರಸಾದ). ಅಷ್ಟೂ ದಿನ ಒಂದು ವೀಣೆ ಯಾರದಾದರೂ ಕೊರಳಲ್ಲಿ ಇರಲೇಬೇಕು, ನೆಲಕ್ಕೆ ಇಡೋ ಹಾಗಿಲ್ಲ, ರಾತ್ರಿ ಎರಡು ಗಂಟೆಗೂ ಒಬ್ಬರು ಪಾಳಿಯಲ್ಲಿ ಹಾಕಿಕೊಂಡು ನಿಂತಿರುತ್ತಾರೆ. ಪಾರಾಯಣಕ್ಕೆ ಕೂತವರ ಮುಂದೆ ಒಂದೊಂದು ಸಣ್ಣ ಮರದ ಪೀಠ, ಅದರ ಮೇಲೆ ಅವರವರ ಪುಸ್ತಕ. ರೈತ, ರಿಕ್ಷಾ ಓಡಿಸುವವರು, ರಿಟೈರ್ ಆದ ಮೇಷ್ಟ್ರು, ಸೊಸೆ, ಅತ್ತೆ, ಎಲ್ಲರೂ ಒಂದೇ ದನಿಯಲ್ಲಿ. ಸುಮಾರು 9,000 ಓವಿಗಳು, ಅಂದರೆ ಸಣ್ಣ ಪದ್ಯಗಳು, ಏಳು ದಿನಕ್ಕೆ ಹಂಚಿದರೆ ದಿನಕ್ಕೆ 1,300ರ ಹತ್ತಿರ. ಬೆನ್ನು ನೋಯುತ್ತದೆ, ಗಂಟಲು ಒಣಗುತ್ತದೆ. ಆದರೂ ಕೂರುತ್ತಾರೆ. ಒಬ್ಬರನ್ನೊಬ್ಬರು ಕರೆಯೋದು 'ಮಾವುಲಿ' ಅಂತ, ಅಂದರೆ ತಾಯಿ.

ಜ್ಞಾನೇಶ್ವರಿ ಆಗಿದ್ದು 1290ರಲ್ಲಿ. ಆ ಮರಾಠಿ ಇವತ್ತಿನವರಿಗೆ ಸುಲಭವಲ್ಲ. ಅದಕ್ಕೇ ಪಕ್ಕದಲ್ಲಿ ಅರ್ಥ ಅಚ್ಚು ಹಾಕಿದ 'ಸಾರ್ಥ' ಪುಸ್ತಕಗಳು ಬಂದಿವೆ. ಅರ್ಥ ಆಗದಿದ್ದರೆ ಏನು ಮಾಡ್ತೀರಿ ಅಂತ ಆಜಿಯನ್ನು ಕೇಳಿದ್ದೆ. "ಮಗೂ, ಹೋದ ವರ್ಷ ಆಗದೇ ಇದ್ದದ್ದು ಈ ವರ್ಷ ಸ್ವಲ್ಪ ಆಯ್ತು, ಉಳಿದದ್ದು ಮುಂದಿನ ವರ್ಷ" ಅಂದರು. ಅವರಿಗೆ ಪುಸ್ತಕ ಮುಗಿಯೋದೇ ಇಲ್ಲ ನೋಡಿ. ಆತ್ಮೋನ್ನತಿ ಅಂತ ನಾವು ದೊಡ್ಡ ಮಾತಲ್ಲಿ ಹೇಳೋದು ಇದೇ ಇರಬೇಕು. ಒಂದೇ ಪುಸ್ತಕ, ಅದೇ ಸಾಲು, ಓದುವವರು ಮಾತ್ರ ವರ್ಷ ವರ್ಷ ಬದಲಾಗಿರುತ್ತಾರೆ.

ಹಾಗಂತ ಇಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳಲ್ಲ. ಎಷ್ಟು ಪಾರಾಯಣ ಆಯಿತು ಅನ್ನುವ ಲೆಕ್ಕವೇ ಕೆಲವರಿಗೆ ದೊಡ್ಡದು. ದತ್ತ ಭಕ್ತರ ಗ್ರಂಥವಾದ ಗುರುಚರಿತ್ರೆಯ ಪಾರಾಯಣಕ್ಕಂತೂ ಊಟ, ಮಡಿ, ಮಲಗೋದು, ಎಲ್ಲದಕ್ಕೂ ನಿಯಮ. ಹೆಂಗಸರು ಅದನ್ನು ಓದಬಾರದು ಅನ್ನುವವರು ಇನ್ನೂ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಹಾಗೆ ಹೇಳಿ ಪುಸ್ತಕ ಕಸಿದುಕೊಂಡರಂತೆ. ಆಕೆ ಅದನ್ನು ಹೇಳುವಾಗ ಕಣ್ಣು ತುಂಬಿತ್ತು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಶರಣೆಯರು. 12ನೇ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಓದೋದಿರಲಿ, ತಾವೇ ವಚನ ಕಟ್ಟಿದರು. ಇಲ್ಲೂ ಸಂತರಾದ ಮುಕ್ತಾಬಾಯಿ, ಜನಾಬಾಯಿ ಇದ್ದಾರೆ, ಅವರ ಅಭಂಗಗಳನ್ನು (ಭಕ್ತಿಪದಗಳನ್ನು) ಹಾಡುತ್ತಾರೆ. ಹಾಗಿದ್ದೂ ಈ ತಡೆ ಯಾಕೆ ಅಂತ ಸಂಕಟ ಆಗುತ್ತದೆ.

ಗುರುಚರಿತ್ರೆ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಆ ಪುಸ್ತಕದ ತುಂಬ ಇರೋದು ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರ. ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡ, ನನಗೆ ಮರಾಠಿ ಚೆನ್ನಾಗಿ ಬರಲ್ಲ ಅಂತ ಅವರೇ ಅದರಲ್ಲಿ ಹೇಳಿಕೊಂಡಿದ್ದಾರೆ. ಆದರೂ ಮರಾಠಿಯಲ್ಲಿ ಬರೆದರು, ಇವತ್ತು ದತ್ತ ಜಯಂತಿ ಬಂದರೆ ಮಹಾರಾಷ್ಟ್ರದ ಊರೂರಲ್ಲಿ ಅದನ್ನು ಓದುತ್ತಾರೆ. ಪಂಢರಪುರದ ವಿಠ್ಠಲನನ್ನೂ ಜ್ಞಾನದೇವರು 'ಕಾನಡಾ', ಅಂದರೆ ಕನ್ನಡದವನು, ಅಂತಲೇ ಹಾಡಿದ್ದಾರೆ. ಆಜಿ ನನಗೆ ಆಗಾಗ ಹೇಳುತ್ತಿರುತ್ತಾರೆ, "ಅವನು ನಿಮ್ಮೂರಿನವನೇ ಅಲ್ವಾ" ಅಂತ.

ಇನ್ನು ನಮ್ಮ ಕಡೆ. ವಚನಗಳು ನಮ್ಮ ಕೈ ಸೇರಿದ್ದು ಸುಮ್ನೆ ಅಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದವರು. ಊರೂರು ತಿರುಗಿ ತಾಳೆಗರಿ ಕೂಡಿಸಿದರು, 1923ರಲ್ಲಿ ವಚನಶಾಸ್ತ್ರಸಾರ ಹೊರಗೆ ತಂದರು, ಆಮೇಲೆ ಮನೆ ಮಾರಿ ಸ್ವಂತ ಪ್ರೆಸ್ ಹಾಕಿದರು. ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು ನಾವು ಬೆಳಗಿನ ವಾಟ್ಸಾಪ್ ಶುಭಾಶಯದ ಮೇಲೆ ಎರಡು ಸಾಲು ಅಂಟಿಸೋಕೆ ಬಳಸುತ್ತಿದ್ದೇವೆ. ಅದೇ ಹತ್ತು ಹದಿನೈದು ವಚನ ತಿರುಗಾಡುತ್ತಿರುತ್ತವೆ. ಸಿಕ್ಕಿರೋದು 20,000ಕ್ಕೂ ಹೆಚ್ಚು! ಅದೂ ಜ್ಞಾನೇಶ್ವರಿಗಿಂತ ನೂರು ವರ್ಷಕ್ಕೂ ಹಿಂದಿನ ಭಾಷೆ, ಆದರೂ ಎಷ್ಟೋ ವಚನಗಳು ಇವತ್ತು ಓದಿದರೂ ನೇರ ಒಳಗಿಳಿಯುತ್ತವೆ, ಪಕ್ಕದಲ್ಲಿ ಅರ್ಥ ಬೇಕಾಗಲ್ಲ. ಇಂಥ ಅನುಕೂಲ ಇಲ್ಲಿಯವರಿಗೆ ಇಲ್ಲ. ವಚನ ಹುಟ್ಟಿದ್ದೇ ಕೂಡಿ ಕೂತು ಮಾತಾಡುವ ಜಾಗದಲ್ಲಿ. ಮಡಿವಾಳ, ಅಂಬಿಗ, ಮಾದಾರ, ಎಲ್ಲರೂ ಕೂತು ಒಬ್ಬರಿಗೊಬ್ಬರು ಹೇಳಿದ್ದು, ಎದುರು ಹೇಳಿದ್ದು. ಅದನ್ನು ಒಂಟಿಯಾಗಿ ಕಪಾಟಿನಲ್ಲಿ ಇಟ್ಟರೆ ಹೇಗೆ?

ಊರಿಗೆ ಹೋದಾಗ ಪುಸ್ತಕದ ಅಂಗಡಿಯಲ್ಲಿ ಅಧ್ಯಾತ್ಮದ ಸಾಲಿನಲ್ಲಿ ಈಗ ಜಾಸ್ತಿ ಕಾಣೋದು ಗೆಲ್ಲೋದು ಹೇಗೆ, ಒತ್ತಡ ಕಳೆಯೋದು ಹೇಗೆ ಅನ್ನುವ ಪುಸ್ತಕಗಳು. ಬೇಕಾದವರು ಓದಲಿ. ಅವು ಒಂದು ವಾರದಲ್ಲಿ ಮುಗಿಯುತ್ತವೆ, ಅಷ್ಟೇ.

ಹೋದ ದೀಪಾವಳಿಯ ನಂತರ ನಮ್ಮ ಸೊಸೈಟಿಯ ನಾಲ್ಕು ಕನ್ನಡ ಮನೆಯವರು ಸೇರಿ ಭಾನುವಾರ ಸಂಜೆ ಓದೋಕೆ ಶುರು ಮಾಡಿದೆವು. ಪ್ರವಚನ ಬೇಡ, ಎಲ್ಲರ ಮುಂದೆಯೂ ಪುಸ್ತಕ ಇರಲಿ ಅಂತ ಮೊದಲೇ ಮಾತಾಡಿಕೊಂಡೆವು. ಮೊದಲು ಮೂರು ವಚನ, ಒಬ್ಬೊಬ್ಬರು ಒಂದೊಂದು. ಆಮೇಲೆ ಗದುಗಿನ ಭಾರತ. ನನ್ನ ಮಗಳು ಇಲ್ಲೇ ಓದಿದವಳು, ಅವಳಿಗೆ ದೇವನಾಗರಿ ಸರಾಗ, ಕನ್ನಡದ ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಮೊದಲ ವಾರ ಒಂದು ಷಟ್ಪದಿಗೆ ಐದು ನಿಮಿಷ ತೆಗೆದುಕೊಂಡಳು. ಮೂರನೇ ಸಾಲು ಉದ್ದ ಆಗುವಲ್ಲಿ ಉಸಿರು ಸಾಲದೆ ಅರ್ಧಕ್ಕೇ ನಿಂತಳು, ಮತ್ತೆ ಮೊದಲಿಂದ ಹಿಡಿದಳು. ಯಾರೂ ಅವಸರ ಮಾಡಲಿಲ್ಲ. ಈಗ ತಾಳ ಸಿಕ್ಕಿದೆ. ತಾನೇ ಮುಂದೆ ಕೂರುತ್ತಾಳೆ. ಆಜಿಯನ್ನು ನೋಡಿ ಪುಸ್ತಕದ ಕೊನೆಯ ಪುಟದಲ್ಲಿ ಅವಳೂ ಪೆನ್ಸಿಲ್ಲಿನಲ್ಲಿ ತಾರೀಖು ಬರೆಯುತ್ತಿದ್ದಾಳೆ.

ನಾಳೆ ಭಾನುವಾರ. ವಿರಾಟಪರ್ವ ಅರ್ಧಕ್ಕೆ ನಿಂತಿದೆ. ಉತ್ತರ ಕೌರವರ ಸೇನೆ ಕಂಡು ರಥದಿಂದ ಹಾರಿ ಓಡುತ್ತಿದ್ದಾನೆ, ಬೃಹನ್ನಳೆ ಬೆನ್ನು ಹತ್ತಿದ್ದಾಳೆ. ಆ ಭಾಗ ನನಗೇ ಬೇಕು ಅಂತ ಮಗಳು ಬೆಳಗ್ಗಿಂದ ಹೇಳುತ್ತಿದ್ದಾಳೆ.