ಫುಲ್ ಟ್ಯಾಂಕ್ ಮಾಡ್ಸಿದ್ರೆ ಕಾರ್ ಸಿಡಿಯಲ್ಲ ಮಾರಾಯ್ರೇ
ಬೇಸಿಗೆ ಬಂತಂದ್ರೆ ಸಾಕು, "ಫುಲ್ ಟ್ಯಾಂಕ್ ಬೇಡ, ಬಿಸಿಲಿಗೆ ಸಿಡಿಯತ್ತೆ, ಅರ್ಧ ಮಾತ್ರ ಹಾಕ್ಸಿ" ಅಂತ ಇಂಡಿಯನ್ ಆಯಿಲ್ ಹೆಸ್ರಲ್ಲಿ ಒಂದು ವಾಟ್ಸಾಪ್ ಮೆಸೇಜ್ ಓಡಾಡತ್ತೆ, ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ಶುದ್ಧ ಸುಳ್ಳು. ಕಾರ್ ಕಂಪನಿ ಹೇಳಿದ ಮಿತಿವರೆಗೆ ಯಾವ ಕಾಲದಲ್ಲಾದ್ರೂ ತುಂಬಿಸ್ಬಹುದು ಅಂತ ಇಂಡಿಯನ್ ಆಯಿಲ್‌ನವ್ರೇ ಹೇಳಿದಾರೆ. ಪೆಟ್ರೋಲ್ ಕಿಡಿ ಇಲ್ದೆ ತಾನಾಗೇ ಹೊತ್ಕೊಳ್ಳೋಕೆ 200 ಡಿಗ್ರಿಗಿಂತ ಜಾಸ್ತಿ ಬೇಕು, ಕಲಬುರಗಿ ಬಿಸಿಲೇ 43-44, ಮತ್ತೆ ಪೆಟ್ರೋಲ್ ಹಿಗ್ಗೋಕೆ ಅಂತ ಟ್ಯಾಂಕಲ್ಲಿ ಜಾಗ ಬಿಟ್ಟೇ ಮಾಡಿರ್ತಾರೆ. ಆದ್ರೆ ನಾಝಲ್ ಟಕ್ ಅಂತ ಕಟ್ ಆದ್ಮೇಲೂ ರೌಂಡ್ ಫಿಗರ್ ಮಾಡಿ ಅಂತ ಇನ್ನೊಂಚೂರು ಒತ್ತಿಸ್ತೀವಲ್ಲ (ನಾನೂ ಮಾಡ್ತಿದ್ದೆ), ಅದು ಬೇಡ, ಆವಿ ಹಿಡಿಯೋ ಇದ್ದಿಲಿನ ಕ್ಯಾನಿಸ್ಟರ್‌ಗೆ ಪೆಟ್ರೋಲೇ ನುಗ್ಗಿ ಹಾಳಾಗ್ಬಹುದು, ಆಮೇಲೆ ಚೆಕ್ ಎಂಜಿನ್ ಲೈಟ್ ನೋಡ್ಕೊಂಡು ಸರ್ವಿಸ್ ಸೆಂಟರ್‌ಗೆ ಅಲೀಬೇಕು.